ಫರ್ಸಿ ನೋಡಲು ಹೋದ ಅಣ್ಣ

ಅಣ್ಣ ಫಟಫಟಿಯಿಂದ ಬಿದ್ದು ಸತ್ತ ಮೇಲೆ ನಮ್ಮ ಮನೆಗೆ ಮಾತಾಡಿಸಲು ಬಂದವರೆಲ್ಲ ಮೋಟಾರ್ ಬೈಕಿನ ಪಂಡಿತರಾಗಿಬಿಟ್ಟರು. ಸೈಕಲ್ ಹತ್ತಲೂ ಕಟ್ಟೆ ಹುಡುಕುತ್ತಿದ್ದ ಸೋದರಮಾವ, ದಿಬ್ಬ ಇಳಿಯುವಾಗ ಯಾವ ಬ್ರೇಕು ಹಿಡಿಯಬೇಕೆಂದು ಚಹಾ ಕುಡಿಯುತ್ತ ನಮಗೆ ಕಲಿಸಿದ. ಎದುರು ಮನೆಯಾಕೆ, "ಗಾಡಿ ಬಣ್ಣಾನೇ ಸರಿ ಇದ್ದಿಲ್ಲ ಬಿಡ್ರಿ" ಅಂದಳು. ಬಣ್ಣ ಕಪ್ಪು. ಅವಳ ಗಂಡನ ಗಾಡಿಯೂ ಕಪ್ಪೇ. ಇಷ್ಟೆಲ್ಲ ತಿಳಿದವರಿದ್ದ ಊರಿನಲ್ಲಿ ಅಣ್ಣ ಅದು ಹೇಗೆ ಸತ್ತನೋ!

ಅವ್ವನನ್ನು ಸುಡುತ್ತಿದ್ದುದು ಬೇರೆ. ಆ ಭಾನುವಾರ ಅಣ್ಣ, "ಶಹಾಬಾದಿಗಿ ಹೋಗಿ ಬಚ್ಚಲಕ್ಕ ಫರ್ಸಿ ನೋಡಿ ಬರ್ತೀನಿ" ಎಂದು ಹೇಳಿ ಚಿತ್ತಾಪುರದ ಮನೆಯಿಂದ ಹೊರಟಿದ್ದ. ಶಹಾಬಾದಿನಲ್ಲಿ ಫರ್ಸಿಗೆ, ಹಾಸುಗಲ್ಲಿಗೇನು ಬರ? ಅವ್ವ ನಂಬಿದಳು. ಅವನು ಹೋದದ್ದು ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಿಗೆ. ಅಲ್ಲಿ ಒಂದು ಕ್ಲಬ್ಬಿನವರು ಫಟಫಟಿ ರೇಸು ಇಟ್ಟಿದ್ದರು. ರಸ್ತೆ ಬಿಟ್ಟು ಕಲ್ಲುಮಣ್ಣಿನಲ್ಲಿ ಓಡಿಸುವುದೇ ಅದರ ಹೆಚ್ಚುಗಾರಿಕೆಯಂತೆ. ದಿಬ್ಬ ಹತ್ತಿ ಹಾರಿದ ಅಣ್ಣ ಆಚೆಯ ಖಣಿಯೊಳಗೆ ಬಿದ್ದ. ಮೇಲೆತ್ತಿ ತರುವಷ್ಟರಲ್ಲಿ ಜೀವ ಹೋಗಿತ್ತು.

ರೇಸಿನ ಸುದ್ದಿ ವಾಡಿ ಸ್ಟೇಷನ್ನಿನ ಚಹಾದವನಿಗೂ ಗೊತ್ತಿತ್ತು. ಅವ್ವನಿಗೆ ಗೊತ್ತಿರಲಿಲ್ಲ. "ಸತ್ತಿದ್ದು ದೇವರಾಟ ಅಂತೀರಿ. ಸುಳ್ಳು ಹೇಳಿ ಹೋಗಿದ್ದು ಯಾರ ಆಟ?" ಎಂದು ಸಮಾಧಾನ ಹೇಳಲು ಬಂದವರನ್ನೇ ಕೇಳುತ್ತಿದ್ದಳು. ಅವರು ಚಹಾದ ಬಟ್ಟಲು ಕೆಳಗಿಟ್ಟು ಏಳುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿ ಸಫಾರಿ ತೊಟ್ಟು ಬಂದ. ಮೈಸೂರು ಕಡೆಯವನು. "ನಿಮ್ಮ ಮಗ ವೀರ, ಅಮ್ಮಾ. ಈ ಸಲದ ರೇಸು ಅವರ ಹೆಸರಿನಲ್ಲೇ. ತಾವೇ ಬಾವುಟ ಇಳಿಸಿ ಶುರು ಮಾಡಿಸಬೇಕು" ಎಂದ. ಹುಡುಗನೊಬ್ಬ ಸತ್ತ ದುಃಖಕ್ಕೆ ಇನ್ನಷ್ಟು ಹುಡುಗರನ್ನು ಅದೇ ದಿಬ್ಬ ಹಾರಿಸುವುದು! ಖಣಿಯ ಅಂಚಿಗೆ ಈ ಸಲ ಸುಣ್ಣದ ಗೆರೆ ಎಳೆಸಿದ್ದೇವೆ ಎಂದೂ ಹೇಳಿದ. ಗೆರೆ ಕಂಡು ಫಟಫಟಿ ನಾಚಿ ನಿಲ್ಲುತ್ತದೆ ಎಂದುಕೊಂಡಿದ್ದನೋ ಏನೋ. ನನಗೆ ಮೈಯೆಲ್ಲ ಉರಿಯಿತು. ಅವ್ವ ಮಾತ್ರ ತಣ್ಣಗೆ, "ಬರ್ತೀನ್ರಿ" ಅಂದಳು.

ಖಣಿಯ ಬಳಿ ಪೆಂಡಾಲು, ಮೈಕು, ಹಾರ ಹಾಕಿದ ಅಣ್ಣನ ಫೋಟೊ. ಸಾಲಾಗಿ ನಿಂತ ಗಾಡಿಗಳು ಗುರುಗುಡುತ್ತಿದ್ದವು. ಅವ್ವ ಬಾವುಟ ಎತ್ತಿ ಹಿಡಿದು ಕೇಳಿದಳು:

"ಇದು ಇಳಿಸೋ ತನಕ ಯಾರೂ ಹೊಂಡಂಗಿಲ್ಲೇನ್ರಿ?"

"ಒಬ್ಬರೂ ಹೊರಡುವಂತಿಲ್ಲಮ್ಮ" ಎಂದ ಕಾರ್ಯದರ್ಶಿ, ಹೆಮ್ಮೆಯಿಂದ.

ಎತ್ತಿದ ಬಾವುಟದೊಂದಿಗೇ ಅವ್ವ ಮೊದಲನೆಯವನ ಹತ್ತಿರ ಹೋದಳು. "ಮನ್ಯಾಗ ಹೇಳಿ ಬಂದೀಯೇನಪ್ಪಾ?"

ಅವನು ಪೆಟ್ರೋಲ್ ಟ್ಯಾಂಕು ನೋಡುತ್ತ, "ದಂಡೋತಿಗಿ ಬೀಗರ ಮನಿಗಿ ಅಂತ ಹೇಳೀನ್ರಿ" ಎಂದ.

ಪಕ್ಕದವನು ಮನೆಯವರ ಲೆಕ್ಕದಲ್ಲಿ ತಾಯಿಗೆ ಗುಳಿಗೆ ತರಲು ಬಂದಿದ್ದ. ಅದರಾಚೆಗೆ ದಪ್ಪ ಮೀಸೆಯ ಕಂತ್ರಾಟುದಾರ. "ಹೇಣ್ತಿಗಿ ಹೇಳಿದ್ರ ಬಿಡ್ತಾಳೇನ್ರಿ?" ಎಂದು ಅವ್ವನನ್ನೇ ಕೇಳಿದ. ಖಣಿ ಹಾರುವ ಧೈರ್ಯವಿದ್ದ ಆ ಗಂಡಸರಲ್ಲಿ ಒಬ್ಬನಿಗೂ ಮನೆಯಲ್ಲಿ ಬಾಯಿ ಬಿಡುವ ಧೈರ್ಯವಿರಲಿಲ್ಲ.

"ಹಂಗಾದ್ರ ಹೋಗ್ರಿ. ಖರೇ ಹೇಳಿ ಬರ್ರಿ. ನಾ ಇಲ್ಲೇ ನಿಂತಿರ್ತೀನಿ" ಅಂದಳು ಅವ್ವ.

ಬಾವುಟ ಇಳಿಸಿರೆಂದು ಕಾರ್ಯದರ್ಶಿ ಮೈಕಿನಲ್ಲಿ ಬೇಡಿಕೊಂಡ. ತಾಯಿಯ ಕೈಯಿಂದ ಬಾವುಟ ಕಿತ್ತುಕೊಳ್ಳಲು, ಮಗನ ಫೋಟೊ ಎದುರಿಗೇ, ಯಾರಿಗೆ ಕೈ ಬರುತ್ತದೆ? ಒಂದೊಂದೇ ಇಂಜಿನ್ನು ಆರಿತು. ಕೆಲವರು ಗಾಡಿ ತಿರುಗಿಸಿ ಮನೆಯ ದಾರಿ ಹಿಡಿದರು. ಮುಖ್ಯ ಅತಿಥಿಗಳು ಮಿರ್ಚಿ ಭಜಿ ಮುಗಿಸಿ ಜೀಪು ಹತ್ತಿದರು. ಹೇಳಿ ಬರಲು ಹೋದವರಲ್ಲಿ ತಿರುಗಿ ಬಂದವನು ಗುಳಿಗೆಯ ಹುಡುಗ ಒಬ್ಬನೇ, ಅದೂ ಹಿಂದಿನ ಸೀಟಿನಲ್ಲಿ ತಾಯಿಯನ್ನು ಕೂರಿಸಿಕೊಂಡು. ಆಕೆ ದಾರಿಯುದ್ದಕ್ಕೂ ಬೈದಿದ್ದಳೆಂದು ಅವನ ಕಿವಿಯ ಕೆಂಪೇ ಹೇಳುತ್ತಿತ್ತು. ರೇಸು ನಡೆಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ಸತ್ತ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ಅವ್ವ ನಗಲಿಲ್ಲ. ಬಾವುಟ ಇನ್ನೂ ಅವಳ ತೊಡೆಯ ಮೇಲಿತ್ತು.

"ಅಣ್ಣ ಖರೇ ಹೇಳಿದ್ರ ನೀ ಬಿಡ್ತಿದ್ದೇನವ್ವ?" ಎಂದು ಕೇಳಿದೆ.

"ಬ್ಯಾಡ ಅಂತಿದ್ದೆ. ಅಂವ ಕೇಳ್ತಿದ್ದಿಲ್ಲ."

"ಮತ್ತ ಹೇಳಿದ್ರ ಏನ್ ಫರಕ್ ಆಗ್ತಿತ್ತು?"

ಅವ್ವ ಬಾವುಟವನ್ನು ಮಡಚುತ್ತ ಅಂದಳು: "ನಾನೂ ನೋಡಾಕ ಹೋಗ್ತಿದ್ದೆ. ಜೀವ ಹೋಗುವಾಗ ಅವನ ತಲಿ ಕಲ್ಲಿನ ಮ್ಯಾಲ ಅಲ್ಲ, ನನ್ನ ತೊಡಿ ಮ್ಯಾಲ ಇರ್ತಿತ್ತು."