ಪೂವಕ್ಕ ತೋರಿಸಿದ ಮನೆ

ಕತಾರಿನ ಉಮ್ಮ್ ಸಲಾಲಿನಲ್ಲಿ ತುಳುವೋ ಕನ್ನಡವೋ ಮಾತಾಡುವ ಯಾರನ್ನು ಕೇಳಿದರೂ ಒಂದು ಕಾಲದಲ್ಲಿ ಪೂವಕ್ಕನ ಮನೆಗೆ ದಾರಿ ಹೇಳುತ್ತಿದ್ದರು. ಈಗ ಕೇಳಿ ನೋಡಿ, ಮುಖ ಆಚೆ ತಿರುಗಿಸುತ್ತಾರೆ. ಅಷ್ಟು ಜನರ ನೆರಳನ್ನು ಕಳೆದವಳು ಪೂವಕ್ಕನೇ ಎಂದು ಅವರ ಸಿಟ್ಟು. ಸಿಟ್ಟು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಪಾಲು ಅಮಿತಾಳಿಗೆ ಸಲ್ಲಬೇಕು. ಅವಳೀಗ ದೊಡ್ಡ ಜನ, ಅವಳ ಹೆಸರೆತ್ತಲು ಯಾರಿಗೂ ಬಾಯಿಲ್ಲ.

ಪೂವಕ್ಕ ಕಾಪುವಿನ ಹೆಣ್ಣು. ಗಂಡ ಅಪ್ಪಯ್ಯ ಕತಾರಿನಲ್ಲಿ ಎ.ಸಿ. ಮೆಕ್ಯಾನಿಕ್. ಮದುವೆಯ ಅರಿಸಿನ ಮಾಸುವ ಮೊದಲೇ ವಿಮಾನ ಹತ್ತಿದವನು ಆಮೇಲೆ ಎರಡು ವರ್ಷಕ್ಕೊಮ್ಮೆ ಬಂದು, ಪೆಟ್ಟಿಗೆ ಬಿಚ್ಚಿ, ಮತ್ತೆ ಪೆಟ್ಟಿಗೆ ಕಟ್ಟಿ ಹೋಗುತ್ತಿದ್ದ. ಮಕ್ಕಳಾಗಲಿಲ್ಲ. ಆಡಿಕೊಳ್ಳುವ ನಾದಿನಿಯರಿಗೆ ಪೂವಕ್ಕ, "ಫೋನಿನಲ್ಲಿ ಮಕ್ಕಳಾಗ್ತದಾ? ಆಗುದಾದ್ರೆ ನಂಬರ್ ಕೊಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ ಒಬ್ಬಳೇ ಅಳುತ್ತಿದ್ದಳು. ಯೌವನವೆಲ್ಲ ಹೀಗೆಯೇ ಸವೆದು, ತಲೆಗೂದಲು ಬೆಳ್ಳಗಾಗತೊಡಗಿದ ಹೊತ್ತಿಗೆ ಅವಳಿಗೆ ಒಂದು ಮನೆ ಸಿಕ್ಕಿತು.

ಅದು ಉಮ್ಮ್ ಸಲಾಲಿನ ಒಂದು ಹಳೇ ವಿಲ್ಲಾ. ಅದರ ಯಜಮಾನನನ್ನು ನಮ್ಮವರು ಅರ್ಬಾಬ್ ಎನ್ನುತ್ತಿದ್ದರು. ಅವನ ಮನೆಗಳ ಎ.ಸಿ. ನೋಡಿಕೊಳ್ಳುತ್ತಿದ್ದ ಅಪ್ಪಯ್ಯನಿಗೇ ಅವನು ಆ ವಿಲ್ಲಾವನ್ನು ಬಾಡಿಗೆಗೆ ಬಿಟ್ಟ. ಒಬ್ಬನ ಸಂಬಳಕ್ಕೆ ಅಂಥ ಮನೆ ನಿಲುಕುತ್ತದೆಯೇ? ಅಪ್ಪಯ್ಯ ಹಾಲ್‌ಗೂ ಊಟದ ಕೋಣೆಗೂ ಜಿಪ್ಸಮ್ ಬೋರ್ಡು ಬಡಿದು ಪಾಲು ಮಾಡಿದ, ನಾಲ್ಕು ಸಂಸಾರಗಳನ್ನು ಒಳಬಾಡಿಗೆಗೆ ಇಟ್ಟುಕೊಂಡ, ಹಿಂದುಗಡೆಯ ಒಂದು ಕೋಣೆಯನ್ನು ತನಗೆ ಉಳಿಸಿಕೊಂಡು ಹೆಂಡತಿಯನ್ನು ಕರೆಸಿಕೊಂಡ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ಆ ಕೋಣೆಯಲ್ಲಿ ಪೂವಕ್ಕ ಮೊದಲ ಬಾರಿಗೆ ಗಂಡನ ಜೊತೆ ಸಂಸಾರ ಮಾಡಿದಳು. ದಿನಾ ಸಂಜೆ ಮನೆಗೆ ಬರುವ ಗಂಡ ಎಂಬ ವಸ್ತುವನ್ನು ಅವಳು ಕಂಡದ್ದೇ ಆಗ. ಆ ಕೋಣೆ ಹೋದರೆ ಮತ್ತೆ ಫೋನಿನ ಸಂಸಾರವೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಮನೆ ಪಾಲು ಮಾಡುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಬಲದಿಯಾದವರು, ಅಂದರೆ ಅಲ್ಲಿಯ ನಗರಸಭೆಯವರು, ಬಂದರೆ ಖಲಾಸ್. ಆದ್ದರಿಂದ ಪೂವಕ್ಕ ಒಂದು ಉಪಾಯ ಮಾಡಿದ್ದಳು. ಮನೆಯ ಮುಂಭಾಗ ಯಾರ ಕಣ್ಣಿಗೂ ಚಂದ ಕಾಣಬಾರದು. ಕೆಟ್ಟ ಎ.ಸಿ.ಯ ಡಬ್ಬಗಳು, ತುಕ್ಕು ಹಿಡಿದ ವಾಷಿಂಗ್ ಮೆಷಿನ್, ಹರಿದ ಟಾರ್ಪಾಲು, ಇವೆಲ್ಲ ಅಂಗಳದಲ್ಲಿ ಬಿದ್ದಿರಬೇಕು. ಅರ್ಬಾಬ್ ಬಂದಾಗಲೆಲ್ಲ ಅದನ್ನು ನೋಡಿ ಮೂಗು ಮುರಿದು, ಕಾರಿನಿಂದಿಳಿಯದೆ ಹೋಗುತ್ತಿದ್ದ. ಒಳಗೆ ಮಾತ್ರ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆ ನಾಲ್ಕು ಸಂಸಾರಗಳಲ್ಲಿ ಮೊದಲು ಬಂದದ್ದು ಅಮಿತಾಳದು. ಅವಳು ಮೂಲ್ಕಿಯ ಕಡೆಯವಳು, ಗಂಡ ರೋಶನ್ ಎಲ್ಲೋ ಲೆಕ್ಕ ಬರೆಯುತ್ತಿದ್ದ. ಅವಳ ಹೆರಿಗೆಯಾದಾಗ ಊರಿನಿಂದ ತಾಯಿಗೆ ಬರಲಾಗಲಿಲ್ಲ. ಪೂವಕ್ಕನೇ ಬಾಣಂತನ ಮಾಡಿದಳು. ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹೊಯ್ದಳು, ತಾಯಿಗೆ ಮೆಣಸಿನ ಸಾರು ಮಾಡಿ ಬಡಿಸಿದಳು. ಆಮೇಲೆ ಅಮಿತಾಳಿಗೆ ಒಳ್ಳೇ ಕೆಲಸ ಸಿಕ್ಕಿ, ದೋಹಾದಲ್ಲಿ ಸ್ವಂತ ಫ್ಲ್ಯಾಟ್ ಹಿಡಿದು ಹೋದಳು, ಅವಳ ಪಾಲಿಗೆ ಬೇರೊಂದು ಸಂಸಾರ ಬಂತು. ಹೊರದೇಶದಿಂದ ಬರುವವರಿಗೆ ಮನೆ ಹುಡುಕಿ ಕೊಡುವ ಕಂಪನಿಯೊಂದರಲ್ಲಿ ಅವಳ ಕೆಲಸ.

ಆ ವರ್ಷ ಉತ್ತರದ ಮರಳಿನಲ್ಲಿ ಹೊಸ ಸೇನಾ ನೆಲೆಯೊಂದು ಎದ್ದಿತ್ತು. ಬಿಳಿಯರ ಪಟಾಲಮ್ಮಿನ ಮೇಜರ್ ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ಒಂದು ನಾಯಿಯ ಸಮೇತ ಬಂದಿಳಿದ. ಅವರಿಗೆ ಮನೆ ಹುಡುಕುವ ಭಾರ ಅಮಿತಾಳ ತಲೆಗೆ ಬಿತ್ತು. ಅಲ್ ವಕ್ರಾದ ಸಮುದ್ರದ ಬದಿಯ ಹೊಸ ಫ್ಲ್ಯಾಟ್ ತೋರಿಸಿದರೆ, ಅಯ್ಯೋ, ಗಂಡ ದಿನಾ ದೇಶದ ಈ ತುದಿಯಿಂದ ಆ ತುದಿಗೆ ಹೋಗಬೇಕೇ ಎಂದಳು ಆ ಮ್ಯಾಡಮ್. ನೆಲೆಗೆ ಹತ್ತಿರವಿರಲಿ ಎಂದು ಅಲ್ ಶಮಾಲಿಗೆ ಕರೆದುಕೊಂಡು ಹೋದರೆ, ಇಲ್ಲಿ ಗಾಳಿ ಬಿಟ್ಟರೆ ಮಾತಾಡಲು ಯಾರಿದ್ದಾರೆ, ಮಕ್ಕಳ ಶಾಲೆ ದೋಹಾದಲ್ಲಿ ಎಂದಳು. ದೊಡ್ಡ ಕಂಪೌಂಡಿನ ಮನೆಗಳು ಜೈಲಿನ ಹಾಗಿವೆಯಂತೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಅಮಿತಾಳ ಕೈಯಿಂದ ಅದಾಗಲೇ ಎರಡು ಮಿಲಿಟರಿ ಕುಟುಂಬಗಳು ಜಾರಿ ಬೇರೆ ಏಜೆಂಟರ ಪಾಲಾಗಿದ್ದವು. ಮೂರನೆಯದೂ ಜಾರಿದರೆ ಊರಿನ ಟಿಕೆಟ್ ತೆಗೆದುಕೋ ಎಂದು ಅವಳ ಮ್ಯಾನೇಜರ್ ಹೇಳಿಯಾಗಿತ್ತು.

ಶಮಾಲಿನಿಂದ ಹಿಂದೆ ಬರುವಾಗ ಮ್ಯಾಡಮಿನ ಚಿಕ್ಕ ಮಗಳಿಗೆ ಕಾರಿನಲ್ಲಿ ವಾಂತಿಯಾಯಿತು. ಅಮಿತಾ ಪೂವಕ್ಕನಿಗೆ ಫೋನ್ ಮಾಡಿದಳು: "ಅಕ್ಕ, ಒಂದು ಬಿಳಿ ಮ್ಯಾಡಮ್ ಉಂಟು ಜೊತೆಗೆ. ಮಗುವಿಗೆ ಮುಖ ತೊಳೆಸ್ಬೇಕು, ಸ್ವಲ್ಪ ಹೊತ್ತು ಕೂತು ಹೋಗ್ತೇವೆ."

"ಬಾ ಮಾರಾಯ್ತಿ, ಕೇಳ್ಲಿಕ್ಕುಂಟಾ! ನಿನ್ನದೇ ಮನೆ ಅಲ್ವಾ?" ಎಂದಳು ಪೂವಕ್ಕ.

ಅಲ್ಲಿಗೆ ಸುಮ್ಮನಿರಬಾರದಿತ್ತೇ! ಬಿಳಿಯ ನೆಂಟರು ಬರುತ್ತಾರೆಂದರೆ ಅಂಗಳ ಹಾಗಿರಬಹುದೇ ಎಂದು ಡಬ್ಬಗಳನ್ನೆಲ್ಲ ಹಿಂದಕ್ಕೆ ನೂಕಿದಳು, ಟಾರ್ಪಾಲು ಮಡಿಸಿದಳು, ನೀರು ಚೆಲ್ಲಿ ಗುಡಿಸಿದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ, ಅದೂ ರಂಗೋಲಿ ಹಾಕಿ.

ಮ್ಯಾಡಮಿಗೆ ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ಬಂತು. ಮಗುವಿನ ಮುಖ ತೊಳೆದು, ಹೊಟ್ಟೆಗೆ ಬಿಸಿ ಗಂಜಿಯ ತಿಳಿಯೂ ಬಿತ್ತು. ಮಗು ನಕ್ಕಿತು. ನಮ್ಮೂರ ಹೆಂಗಸರಿಗೆ ಒಂದು ರೋಗವುಂಟು. ನೆಂಟರು ಬಂದರೆ ಅಡುಗೆಮನೆ, ದೇವರಕೋಣೆ, ಹಿತ್ತಿಲು ತೋರಿಸದೆ ಕಳಿಸಿದರೆ ಮರ್ಯಾದೆ ಕಡಿಮೆಯಾಯಿತೆಂದು ಲೆಕ್ಕ. ಒಳಬಾಡಿಗೆಯವರೆಲ್ಲ ಕೆಲಸಕ್ಕೆ ಹೋಗಿದ್ದರು, ಕೀಲಿಕೈಗಳು ಪೂವಕ್ಕನ ಸೊಂಟದಲ್ಲಿದ್ದವು. ಒಂದೊಂದೇ ಬಾಗಿಲು ತೆರೆದು ತೋರಿಸಿದಳು. ಹಿಂದಿನ ಬೇವಿನ ಮರ ತೋರಿಸಿದಳು. ಕೊನೆಗೆ ಹಾಲ್‌ನ ನಡುವಿನ ಬೋರ್ಡನ್ನು ಬೆರಳಿನಿಂದ ಬಡಿದು, ಹೆಮ್ಮೆಯಿಂದ ಎದೆಯುಬ್ಬಿಸಿ ಹೇಳಿದಳು: "ದಿಸ್ ನಾಟ್ ವಾಲ್, ಮ್ಯಾಡಮ್. ಓನ್ಲಿ ಬೋರ್ಡ್. ರಿಮೂವ್, ಬಿಗ್ ಹಾಲ್! ವೆರಿ ಬಿಗ್!"

ಮ್ಯಾಡಮ್ ಸುತ್ತಲೂ ನೋಡಿದಳು. ಆ ನೋಟ ಪೂವಕ್ಕನಿಗೆ ಇಷ್ಟವಾಯಿತು. ತನ್ನ ಮನೆಯನ್ನು ಯಾರೂ ಇಷ್ಟು ಆಸೆಯಿಂದ ನೋಡಿದ್ದಿಲ್ಲ ಎಂದುಕೊಂಡಳು. ಈ ಹೆಂಗಸು ಯಾರು ಎಂದು ಮ್ಯಾಡಮ್ ಇಂಗ್ಲಿಷಿನಲ್ಲಿ ಕೇಳಿದಾಗ ಅಮಿತಾ ಪೂವಕ್ಕನ ಕಡೆ ನೋಡದೆ, "ಮನೆ ನೋಡಿಕೊಳ್ಳುವವಳು" ಎಂದಳು. ಅಷ್ಟು ಇಂಗ್ಲಿಷು ಪೂವಕ್ಕನಿಗೆ ತಿಳಿಯುತ್ತಿತ್ತು. ಹೌದಲ್ಲ, ನೋಡಿಕೊಳ್ಳುತ್ತಿದ್ದೇನಲ್ಲ ಎಂದು ಅವಳೂ ತಲೆಯಾಡಿಸಿದಳು.

ಕಾರು ಹತ್ತುತ್ತಲೇ ಮ್ಯಾಡಮ್ ಇದೇ ಮನೆ ಬೇಕೆಂದಳು. ಅಮಿತಾ ಮನಸ್ಸು ಮಾಡಿದ್ದರೆ ಈ ಮನೆ ಖಾಲಿಯಿಲ್ಲ ಎನ್ನಬಹುದಿತ್ತು. ಎರಡೇ ಮಾತು. ಅದರ ಬದಲು ಅವಳು ಸಂಜೆಯೊಳಗೆ ಅರ್ಬಾಬನಿಗೆ ಫೋನ್ ಮಾಡಿದಳು. ಉಂಡ ಮನೆಯ ಜಂತೆ ಎಣಿಸುವುದು ಎಂದು ಗಾದೆಯಲ್ಲಿ ಕೇಳಿದ್ದೇವೆ. ಇವಳು ಎಣಿಸಿ ಮಾರಿಯೇ ಬಿಟ್ಟಳು. ಮರುದಿನ ಅರ್ಬಾಬ್ ಕಾರಿನಿಂದಿಳಿದು ಒಳಗೆ ಬಂದ, ಹೊಳೆಯುವ ನೆಲ ನೋಡಿದ, ಬೋರ್ಡುಗಳನ್ನೂ ನೋಡಿದ. ತಿಂಗಳೊಳಗೆ ಖಾಲಿ ಮಾಡಿ, ಇಲ್ಲವಾದರೆ ಬಲದಿಯಾಕ್ಕೆ ನಾನೇ ಹೇಳುತ್ತೇನೆ ಎಂದ. ಅಪ್ಪಯ್ಯ ಕೈಮುಗಿದ. "ಮಾಫಿ ಕಲಾಮ್" ಎಂದು ಅರ್ಬಾಬ್ ಕಾರು ಹತ್ತಿದ. ಮಾತಿಲ್ಲ, ಮುಗಿಯಿತು.

ಪೂವಕ್ಕ ಅಮಿತಾಳ ಫ್ಲ್ಯಾಟಿಗೆ ಹೋಗಿ ಕೂಗಾಡಿದಳು. "ನಿನ್ನ ಬಾಣಂತನ ಮಾಡಿದ ಕೈ ಇದು! ನಿಂಗೆ ಹೇಗೆ ಮನಸ್ಸು ಬಂತು?"

"ಅಕ್ಕ, ನಾನು ಹೇಳದಿದ್ರೆ ಇನ್ನೊಬ್ಬ ಹೇಳ್ತಿದ್ದ. ಬೋರ್ಡ್ ತೆಗಿಬಹುದು ಅಂತ ತೋರಿಸಿದ್ದು ನಾನಾ? ನೀವೇ ಅಲ್ವಾ?"

ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ ಅಮಿತಾ ಆ ಮಾತನ್ನು ಆರಿಸಿ ಎಸೆದದ್ದು. ಅದೇ ಮಾತು ನಾಲ್ಕೂ ಸಂಸಾರಗಳ ಕಿವಿಗೆ ಬಿತ್ತು. ಅಷ್ಟು ವರ್ಷ ಅಕ್ಕ ಅಕ್ಕ ಎಂದು ಅವಳ ಕೈಯ ಪತ್ರೊಡೆ ತಿಂದವರು ಪೆಟ್ಟಿಗೆ ಕಟ್ಟುತ್ತಾ, "ದೊಡ್ಡಸ್ತಿಕೆ ತೋರಿಸ್ಲಿಕ್ಕೆ ಹೋಗಿ ನಮ್ಮನ್ನು ಬೀದಿಗೆ ಹಾಕಿದ್ಲು" ಎಂದು ಅವಳಿಗೆ ಕೇಳುವ ಹಾಗೆಯೇ ಹೇಳಿದರು. ಎರಡನೇ ಕೋಣೆಯ ಮುಫೀದಾ ಮಾತ್ರ ಹೋಗುವಾಗ ಅವಳ ಕೈ ಹಿಡಿದು ಅತ್ತಳು. ಬೋರ್ಡು ಹಾಕಿದವನೇ ತೆಗೆಯಬೇಕು ಎಂದು ಅರ್ಬಾಬ್ ಹೇಳಿ ಕಳಿಸಿದ. ಅಪ್ಪಯ್ಯ ರಜೆ ಹಾಕಿ, ತಾನು ಬಡಿದ ಒಂದೊಂದು ಬೋರ್ಡನ್ನೂ ತಾನೇ ಬಿಚ್ಚಿದ. ಹೆಂಡತಿಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಬೇರೆ ಕೋಣೆ ಹುಡುಕಿದರು. ಪಾಲು ಮಾಡಿದ ಮನೆಗಳ ಮೇಲೆ ತಪಾಸಣೆ ಜೋರಾಗಿದ್ದ ಕಾಲ, ಕೊಡುವವರಿಲ್ಲ. ಪೂರ್ತಿ ಮನೆ ಹಿಡಿಯುವ ಶಕ್ತಿ ಅಪ್ಪಯ್ಯನಿಗಿಲ್ಲ. ಅವನಿಗಾದರೆ ಕಂಪನಿಯ ಕ್ಯಾಂಪಿನಲ್ಲಿ ಗಂಡಸರ ನಡುವೆ ಒಂದು ಮಂಚ ಇದ್ದೇ ಇತ್ತು. ಪೂವಕ್ಕನಿಗೆ ಉಳಿದದ್ದು ಊರಿನ ವಿಮಾನ. ಆಗ ಅಮಿತಾ ಮತ್ತೆ ಬಂದಳು.

"ಅಕ್ಕ, ಮ್ಯಾಡಮ್ ನಿಮ್ಮನ್ನೇ ಕೇಳ್ತಿದ್ದಾರೆ, ಅಡುಗೆಗೆ, ಮಕ್ಕಳಿಗೆ. ಅದೇ ಮನೆ, ಹಿಂದೆ ಕೆಲಸದವರ ಕೋಣೆ ಕಟ್ಟಿಸ್ತಾರಂತೆ. ವೀಸಾ ಎಲ್ಲ ನಾನು ನೋಡ್ಕೊಳ್ತೇನೆ. ಊರಿಗೆ ಹೋದ್ರೆ ಮತ್ತೆ ಎರಡು ವರ್ಷಕ್ಕೊಮ್ಮೆ. ಇಲ್ಲಿದ್ರೆ ಶುಕ್ರವಾರ ಶುಕ್ರವಾರ ಆದ್ರೂ ಭಾವನ ಮುಖ ನೋಡ್ಬಹುದಲ್ವಾ?"

ಅವಳ ಮುಖಕ್ಕೆ ಉಗಿಯಬೇಕು ಎನ್ನಿಸಿತು ಪೂವಕ್ಕನಿಗೆ. ಉಗಿಯಲಿಲ್ಲ. ವಾರಕ್ಕೊಮ್ಮೆ ಎಂಬುದು ಎರಡು ವರ್ಷಕ್ಕೊಮ್ಮೆ ಎಂಬುದಕ್ಕಿಂತ ದೊಡ್ಡದು. ಹೂಂ ಎಂದಳು.

ಮ್ಯಾಡಮ್ ಕೆಟ್ಟವಳಲ್ಲ. ಅದೇ ಕಷ್ಟ, ಕೆಟ್ಟವಳಾಗಿದ್ದರೆ ಶಾಪವನ್ನಾದರೂ ಹಾಕಬಹುದಿತ್ತು. ಪೂವಾ, ಪೂವಾ ಎಂದು ಕರೆಯುತ್ತಿದ್ದಳು, ಹಳೇ ಸ್ವೆಟರ್ ಕೊಡುತ್ತಿದ್ದಳು. ಸ್ನೇಹಿತೆಯರು ಚಹಾಕ್ಕೆ ಬಂದಾಗ, ಈ ಮನೆ ಮೊದಲು ಹೇಗಿತ್ತು ಗೊತ್ತೇ, ಯಾರ್ಯಾರೋ ಕುರಿಗಳ ಹಾಗೆ ತುಂಬಿಕೊಂಡಿದ್ದರಂತೆ, ಪಾಪ ಈ ಮನೆಯನ್ನು ನಾವು ಉಳಿಸಿದೆವು ಎನ್ನುತ್ತಿದ್ದಳು. ಪೂವಕ್ಕ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಅವಳ ಹಳೇ ಕೋಣೆಯಲ್ಲಿ ಈಗ ನಾಯಿಯ ಹಾಸಿಗೆ, ನಾಯಿಗೊಂದು ಎ.ಸಿ. ದಿನಾ ಅದರ ಕೂದಲು ಗುಡಿಸುವುದೂ ಅವಳದೇ ಕೆಲಸ.

ಮಿಲಿಟರಿಯವರ ಮನೆಯೆಂದ ಮೇಲೆ ಗೇಟಿಗೆ ಕಾವಲುಗಾರ, ಗೋಡೆಗೆ ಕ್ಯಾಮೆರಾ. ಕೆಲಸದವರ ಕಡೆಯ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅಪ್ಪಯ್ಯ ಶುಕ್ರವಾರ ಬಸ್ಸು ಹತ್ತಿ ಬಂದು ಗೋಡೆಯ ನೆರಳಿನಲ್ಲಿ ನಿಲ್ಲುತ್ತಿದ್ದ. ಪೂವಕ್ಕ ಹೊರಗೆ ಬಂದು, ಬಾಳೆಲೆ ಸಿಗದ ದೇಶದಲ್ಲಿ ಫಾಯಿಲಿನಲ್ಲಿ ಸುತ್ತಿದ ನೀರುದೋಸೆ ಕೊಡುತ್ತಿದ್ದಳು. ಇಬ್ಬರೂ ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದರು. ಅವರ ಸಂಸಾರ ಈಗ ಅಷ್ಟೇ.

ಒಂದು ಶುಕ್ರವಾರ ಅವಳು ಹೊರಡುವ ಹೊತ್ತಿಗೆ ಮ್ಯಾಡಮ್ ಕರೆದಳು. ಗೋಡೆಯ ಹತ್ತಿರ ಪ್ರತಿ ವಾರ ಒಬ್ಬ ನಿಲ್ಲುತ್ತಾನೆ, ನೀನು ಹೋಗಿ ಮಾತಾಡುತ್ತೀಯಂತೆ, ಯಾರು ಅವನು ಎಂದು ಕೇಳಿದಳು.

"ಹಸ್ಬೆಂಡ್, ಮ್ಯಾಡಮ್."

ಮ್ಯಾಡಮಿನ ಕಣ್ಣು ತುಂಬಿ ಬಂತು. ಓ ಪೂವಾ, ನೀವೆಲ್ಲ ಹೇಗೆ ಬೇರೆ ಬೇರೆ ಇರುತ್ತೀರಿ, ನಿಮ್ಮ ಮನಸ್ಸು ಗಟ್ಟಿ ಎಂದಳು. ನನ್ನ ಕೈಯಲ್ಲಾಗದು. ನೆಲೆಯಲ್ಲಿ ಎಲ್ಲರೂ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಡು ಎಂದರು. ಎಲ್ಲಿಗೆ ಕಳಿಸಿದರೂ ನಾನು ಜೊತೆಗೇ ಬರುವವಳು ಎಂದು ಹಟ ಹಿಡಿದೆ. ಗಂಡ ರಾತ್ರಿ ಮನೆಗೆ ಬರುವಷ್ಟು ಹತ್ತಿರ ಮನೆ ಬೇಕೆಂದೇ ಅಷ್ಟು ಅಲೆದದ್ದು. ಗಂಡ ಹೆಂಡತಿ ಒಂದೇ ಸೂರಿನಡಿ ಇಲ್ಲದಿದ್ದರೆ ಅದೆಂಥ ಬದುಕು, ಹೇಳು ಎಂದಳು.

ಪೂವಕ್ಕನ ಮೈಯೆಲ್ಲ ಉರಿದುಹೋಯಿತು. ನಾಯಿ ಮಲಗಿದ್ದ ಕೋಣೆಯತ್ತ ಕೈ ತೋರಿಸಿ, ತನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಹೇಳಿದಳು: "ಮ್ಯಾಡಮ್, ದಿಸ್ ರೂಮ್. ಮೀ, ಹಸ್ಬೆಂಡ್. ದಿಸ್ ರೂಮ್!"

ಮ್ಯಾಡಮ್ ಆ ಕೋಣೆಯನ್ನು ನೋಡಿದಳು, ಅವಳನ್ನು ನೋಡಿದಳು, ಮೆಲ್ಲನೆ ಅವಳ ಭುಜದ ಮೇಲೆ ಕೈಯಿಟ್ಟಳು. ನಿನ್ನ ಆಸೆ ಅರ್ಥವಾಗುತ್ತದೆ ಪೂವಾ, ನಾಯಿಯನ್ನು ಬೇರೆ ಕಡೆ ಮಲಗಿಸಬಹುದಿತ್ತು, ಆದರೆ ಹೊರಗಿನ ಗಂಡಸನ್ನು ಈ ಮನೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ, ಸೆಕ್ಯೂರಿಟಿ ಎಂದಳು. ಆಮೇಲೆ ದನಿ ತಗ್ಗಿಸಿ, ಅವನು ಗೋಡೆಯ ಹತ್ತಿರ ನಿಲ್ಲುವುದೂ ಬೇಡವಂತೆ, ನೆಲೆಯವರು ಕ್ಯಾಮೆರಾದಲ್ಲಿ ನೋಡಿ ಕೇಳುತ್ತಿದ್ದಾರೆ, ದಯವಿಟ್ಟು ಅವನಿಗೆ ಹೇಳಿಬಿಡು ಎಂದಳು.

"ಓಕೆ, ಮ್ಯಾಡಮ್" ಎಂದಳು ಪೂವಕ್ಕ.

ಹೊರಗೆ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಅವಳ ಮುಖ ನೋಡಿ, "ಎಂಥ ಆಯ್ತು?" ಎಂದ.

"ಇನ್ನು ಇಲ್ಲಿ ನಿಲ್ಲುದು ಬೇಡಂತೆ ನೀವು."

"ಹೌದಾ?" ಅವನು ಗೋಡೆಯ ಉದ್ದಕ್ಕೂ ನೋಡಿದ. "ಹಾಗಾದ್ರೆ ಎಲ್ಲಿ ನಿಲ್ಲುದಂತೆ?"

"ಅದು ಹೇಳ್ಲಿಲ್ಲ."

ಗೇಟಿನಿಂದ ಕಾವಲುಗಾರ "ಯಲ್ಲಾ, ಯಲ್ಲಾ" ಎಂದು, ಹೊರಡು ಎನ್ನುವ ಹಾಗೆ ಕೈ ಬೀಸಿದ. ಅಪ್ಪಯ್ಯ ದೋಸೆಯ ಪೊಟ್ಟಣ ತೆಗೆದುಕೊಂಡು ಬಸ್ ಸ್ಟಾಪಿನ ಕಡೆಗೆ ಹೋದ. ಪೂವಕ್ಕ ಒಳಗೆ ಹೋದಳು, ಮಕ್ಕಳ ಊಟದ ಹೊತ್ತಾಗಿತ್ತು.