ಹಿಂದಕ್ಕೆ ತಿರುಗಿದ ಆನೆ

ಹಳೆಯ ದೇವಸ್ಥಾನದ ಕಾವಲುಗಾರನನ್ನು ಪಕ್ಕದ ಶಾಲೆಯ ಮಕ್ಕಳು ‘ಸೀಟಿ ಮಾಮ’ ಎಂದೇ ಕರೆಯುತ್ತಿದ್ದರು. ದೇವಸ್ಥಾನಕ್ಕೂ ಶಾಲೆಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ. ಯಾರಾದರೂ ಅದನ್ನು ಹಾರಿ ಬಂದು ಕೆತ್ತನೆ ಮುಟ್ಟಿದರೆ ಅವನು ಬೈಯದೆ ಸೀಟಿ ಊದುತ್ತಿದ್ದ. ಬಾಯಿ ತೆರೆದರೆ ಮಾತು ಉಗ್ಗುತ್ತಿತ್ತು. ಚಿಕ್ಕಂದಿನಲ್ಲಿ ಅದೇ ಶಾಲೆಯ ನಾಲ್ಕನೇ ತರಗತಿಯಲ್ಲಿ ಪಾಠ ಓದಲು ಎದ್ದು ನಿಂತವನು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದ. ಇಡೀ ತರಗತಿ ನಕ್ಕಿತ್ತು. ಆಮೇಲೆ ಅವನು ಆ ಕಡೆ ತಲೆ ಹಾಕಿರಲಿಲ್ಲ.

ಹೆಂಡತಿ ಮಾತ್ರ ಇದಕ್ಕೆ ತಲೆ ಕೆಡಿಸಿಕೊಂಡವಳಲ್ಲ. “ನಮ್ಮನೇಲಿ ಜಗಳ ಬೆಳೆಯೋದೇ ಇಲ್ಲ ಕಣ್ರೀ. ಇವರು ಉತ್ತರ ಕೊಡೋ ಹೊತ್ತಿಗೆ ನನ್ನ ಕೋಪಾನೇ ಇಳಿದಿರುತ್ತೆ,” ಎಂದು ಪಕ್ಕದ ಮನೆಯವರಿಗೆ ಹೇಳಿ ನಗುತ್ತಿದ್ದಳು.

ಒಂದು ಬೆಳಿಗ್ಗೆ, ಶಾಲೆಯ ಗಂಟೆ ಹೊಡೆದ ಮೇಲೂ ಒಂದು ಹುಡುಗಿ ಚೀಲ ಅವಚಿಕೊಂಡು ದೇವಸ್ಥಾನದ ಕಂಬದ ಮರೆಯಲ್ಲಿ ಕೂತಿದ್ದಳು.

“ಯಾ... ಯಾಕಮ್ಮ, ಸ್ಕೂಲಿಗೆ ಹೋ... ಹೋಗಲ್ವಾ?”

ಹುಡುಗಿಯ ಕಣ್ಣು ತುಂಬಿತು. “ನೀ... ನೀವೂ ಅಣಕಿಸ್ತೀರಾ?”

ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತ. “ಇ... ಇಲ್ಲ ಮಗಳೇ. ನಂದೂ ಹೀ... ಹೀಗೇ.”

ಅವತ್ತು ಅವಳು ಎಲ್ಲರೆದುರು ಗಟ್ಟಿಯಾಗಿ ಓದಬೇಕಿತ್ತು. ಅವನು ಮತ್ತೇನನ್ನೂ ಕೇಳದೆ ಅವಳನ್ನು ದೇವಸ್ಥಾನದ ಸುತ್ತ ನಡೆಸಿದ. ಗುಡಿಯ ಬುಡದುದ್ದಕ್ಕೂ ನೂರ ಹದಿನೆಂಟು ಕಲ್ಲಿನ ಆನೆಗಳು ಒಂದೇ ದಿಕ್ಕಿಗೆ ಸಾಗಿದ್ದವು. ಒಂದು ಮಾತ್ರ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ಇಪ್ಪತ್ತಾರು ವರ್ಷ ಕಾವಲಿದ್ದು ನೋಡಿದ್ದನ್ನೆಲ್ಲ ಅವನು ತಡವರಿಸುತ್ತ ಹೇಳಿದ, ಅವಳು ತಡವರಿಸುತ್ತ ಪ್ರಶ್ನೆ ಕೇಳಿದಳು. ಇಬ್ಬರಿಗೂ ಅವಸರವಿರಲಿಲ್ಲ.

ಹುಡುಗಿಯನ್ನು ಹುಡುಕಿಕೊಂಡು ಬಂದ ಹೆಡ್‌ಮೇಡಂ ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತ ಹಿಂದೆಯೇ ನಿಂತಿದ್ದರು. “ಶನಿವಾರ ಬಂದು ಇದನ್ನ ನಮ್ಮ ಮಕ್ಕಳಿಗೆಲ್ಲ ಹೇಳ್ತೀರಾ?” ಎಂದರು.

ಅವನು ಎರಡೂ ಕೈ ಆಡಿಸಿ ಆಗುವುದಿಲ್ಲವೆಂದ.

“ಬ... ಬನ್ನಿ ಮಾಮ,” ಎಂದಳು ಹುಡುಗಿ. “ನಾನು ಮು... ಮುಂದೇನೇ ಕೂತಿರ್ತೀನಿ.”

ಶನಿವಾರ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಹೋದ. ಕಪ್ಪು ಹಲಗೆಯ ಮುಂದೆ ನಿಂತು ಬಾಯಿ ತೆರೆದ. “ಆ... ಆ... ಆ...” ಹಿಂದಿನ ಬೆಂಚಿನಿಂದ ಕಿಸಕ್ಕೆಂದ ಸದ್ದು. ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಹುಡುಗಿ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತ ಕಾಯುತ್ತಿದ್ದಳು. “ಆನೆಗಳು,” ಎಂದ ಕೊನೆಗೆ. ಆಮೇಲೆ ಅರ್ಧ ಗಂಟೆ ಮಾತಾಡಿದ.

“ಆ ಒಂದಾನೆ ಯಾಕೆ ಹಿಂದೆ ನೋಡ್ತಿದೆ?” ಎಂದು ಒಬ್ಬ ಕೇಳಿದ.

“ಗೊ... ಗೊತ್ತಿಲ್ಲಪ್ಪ. ದಿನಾ ಕೇಳ್ತೀನಿ. ಉ... ಉತ್ತರ ಕೊಡೋದ್ರಲ್ಲಿ ಅದು ನನಗಿಂತ ನಿಧಾನ.”

ತರಗತಿ ಹೋ ಎಂದು ನಕ್ಕಿತು. ಈ ಸಲ ಅವನೂ ನಕ್ಕ.

ಅಂದಿನಿಂದ ಪ್ರತಿ ಶನಿವಾರ ಅವನು ಶಾಲೆಗೆ ಹೋಗತೊಡಗಿದ; ನಿವೃತ್ತಿಯಾಗುವವರೆಗೂ ಒಂದನ್ನೂ ತಪ್ಪಿಸಲಿಲ್ಲ. ಹುಡುಗಿಯ ಉಗ್ಗು ಹೋಗಲಿಲ್ಲ. ಆದರೆ ಆ ಮೊದಲ ವರ್ಷದ ಕೊನೆಯಲ್ಲೇ ತರಗತಿಯಲ್ಲಿ ತಾನಾಗಿಯೇ ಕೈಯೆತ್ತಿ ಒಂದು ಪುಟ ಪೂರ್ತಿ ಓದಿದಳು. ಒಂಬತ್ತು ನಿಮಿಷ ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ.