ಜಿಂಕೆ ಹೊಡೆಯಲು ಚೀಟಿ ಕೊಡುವವಳು

ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ಮುದುಕ ತನ್ನ ಟ್ರಕ್ಕಿನ ಹಿಂಬಾಗಿಲು ತೆಗೆದು, ಸತ್ತ ಜಿಂಕೆಯ ಕೊಂಬು ಹಿಡಿದೆತ್ತಿ, "ಇದರ ವಯಸ್ಸೆಷ್ಟು ಹೇಳಿ" ಎಂದ. ನಾನು ಕೈಗವಸು ಹಾಕಿಕೊಂಡು ಕಬ್ಬಿಣದ ಸಲಾಕೆಯಿಂದ ಅದರ ದವಡೆ ಅಗಲಿಸಿದೆ. ಹಲ್ಲಿನ ಸವೆತ ನೋಡಿ "ಮೂರೂವರೆ" ಎಂದೆ. ಜಿಂಕೆಯ ಮೈ ಇನ್ನೂ ಬೆಚ್ಚಗಿತ್ತು. ಮುದುಕ ಖುಷಿಯಿಂದ ನನ್ನ ಜೊತೆ ಫೋಟೋ ತೆಗೆಸಿಕೊಂಡ. ನಮ್ಮ ಸೊಲ್ಲಾಪುರದ ಕಡೆ ಇಂಥ ಫೋಟೋ ಸಿಕ್ಕಿದ್ದರೆ ಇಬ್ಬರೂ ಜೈಲಿನಲ್ಲಿರುತ್ತಿದ್ದೆವು. ಅಮೆರಿಕದಲ್ಲಿ ಅದು ಕಚೇರಿಯ ಗೋಡೆಯ ಮೇಲಿದೆ.

ನಾನು ಅಕ್ಕಲಕೋಟ ತಾಲೂಕಿನ ಕುರನೂರಿನವಳು. ಅಪ್ಪ ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ವಸಾಹತಿನ ಪವರ್‌ಲೂಮಿನಲ್ಲಿ ಟವೆಲ್ ನೇಯುತ್ತಿದ್ದ. ರಜೆ ಬಂದರೆ ಬೋರಾಮಣಿಯಲ್ಲಿದ್ದ ಅತ್ತೆಯ ಮನೆಗೆ ಕರೆದೊಯ್ಯುತ್ತಿದ್ದ. ಅಲ್ಲಿಯ ಹುಲ್ಲುಗಾವಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ನೋಡಿ ನೋಡಿ ನಾನು ವನ್ಯಜೀವಿ ಶಾಸ್ತ್ರ ಓದಿದೆ. ಈಗ ಅಮೆರಿಕದ ದಕ್ಷಿಣದಲ್ಲಿ, ಒಂದು ವಿಶ್ವವಿದ್ಯಾಲಯದ ಪರವಾಗಿ, ಸೈನ್ಯದ ತರಬೇತಿ ಭೂಮಿಯಲ್ಲಿ ಕೆಲಸ. ಸೈನಿಕರು ಗುಂಡು ಹಾರಿಸುವ ಕಾಡಿನಲ್ಲೇ ಬೇರೆ ದಿನಗಳಲ್ಲಿ ಸಾರ್ವಜನಿಕರು ಬೇಟೆಯಾಡುತ್ತಾರೆ. ಕಾಡನ್ನು ತುಂಡುತುಂಡಾಗಿ ವಿಂಗಡಿಸಿದ್ದಾರೆ. ಯಾವ ತುಂಡಿನಲ್ಲಿ ಸೈನಿಕರಿದ್ದಾರೆ, ಯಾವುದು ಬೇಟೆಗಾರರಿಗೆ ತೆರೆದಿದೆ ಎಂದು ದಿನವೂ ನಕ್ಷೆಯಲ್ಲಿ ಗುರುತಿಸಿ ಚೀಟಿ ಕೊಡುವವಳು ನಾನು.

ಈ ಬೇಟೆಗಾರರನ್ನು ನೀವು ನೋಡಬೇಕು. ಎಲೆಯ ಚಿತ್ರವಿರುವ ಅಂಗಿ, ಎಲೆಯ ಚಿತ್ರವಿರುವ ಚಡ್ಡಿ, ಮೈಗೆಲ್ಲ ಹೆಣ್ಣು ಜಿಂಕೆಯ ಮೂತ್ರದ ವಾಸನೆಯ ದ್ರಾವಣ. ಮರಕ್ಕೆ ಕಟ್ಟಿದ ಕುರ್ಚಿಗೆ ಅವರು 'ಸ್ಟ್ಯಾಂಡ್' ಎನ್ನುತ್ತಾರೆ. ಅದರಲ್ಲಿ ಕೂತು, ಚಿಪ್ಸ್ ತಿನ್ನುತ್ತ, ಕೆಳಗೆ ಬಂದ ಮೂಕ ಪ್ರಾಣಿಯನ್ನು ದುರ್ಬೀನಿನ ಬಂದೂಕಿನಿಂದ ಹೊಡೆಯುತ್ತಾರೆ. ಆಮೇಲೆ ಯುದ್ಧ ಗೆದ್ದವರಂತೆ ಬರುತ್ತಾರೆ. ತೋಳಗಳನ್ನು ಇವರ ಅಜ್ಜಂದಿರೇ ಮುಗಿಸಿದ್ದರಿಂದ ಜಿಂಕೆ ಮಿತಿಮೀರಿವೆ, ಯಾರಾದರೂ ಹೊಡೆಯಲೇಬೇಕು. ಅದು ನಿಜ. ಹಾಗೆಂದು ಆ ಮೀಸೆ ತಿರುವುವುದನ್ನು ಸಹಿಸುವುದು ನನ್ನ ಸಂಬಳದಲ್ಲಿ ಸೇರಿಲ್ಲ.

ನಮ್ಮ ಊರಿನವರು ಇವರಿಗಿಂತ ದೊಡ್ಡವರೆಂದು ಇದನ್ನು ಬರೆಯುತ್ತಿಲ್ಲ. ಕಾಲೇಜಿಗೆ ಸೇರಿದಾಗ ಸೊಲ್ಲಾಪುರದ ಒಬ್ಬ ವ್ಯಾಪಾರಸ್ಥರ ಮನೆಗೆ ಬಾಡಿಗೆಯ ಖೋಲಿ ಕೇಳಲು ಅಪ್ಪನ ಜೊತೆ ಹೋಗಿದ್ದೆ. ಮನೆಯೊಡತಿ ಖೋಲಿ ತೋರಿಸಿ, ನೀರಿನ ಹೊತ್ತು ಹೇಳಿ, ಕೊನೆಗೆ "ಆಡನಾಂವ್ ಏನ್ರಿ ನಿಮ್ದು?" ಎಂದಳು. ಅಪ್ಪ ಅಡ್ಡಹೆಸರು ಹೇಳಿದ. ಆಕೆಯ ಮುಖ ಮುಚ್ಚಿತು. "ನಮ್ಮಲ್ಲಿ ತತ್ತಿ ಸೈತ ಬರಂಗಿಲ್ರಿ. ನಿಮಗ ಜಮಾಸಂಗಿಲ್ಲ" ಎಂದಳು. ನಾವು ಬೌದ್ಧರಾದ ದಲಿತರು, ಮಾಂಸ ತಿನ್ನುವವರು. ತಿನ್ನುತ್ತೀರಾ ಎಂದು ಆಕೆ ಕೇಳಲೂ ಇಲ್ಲ, ಹೆಸರೇ ಸಾಕಾಯಿತು. ಅಮೆರಿಕದಲ್ಲಿ ಮನೆ ಸಿಕ್ಕಿದ್ದು ಹತ್ತು ನಿಮಿಷದಲ್ಲಿ. ಒಡೆಯ ಕೇಳಿದ್ದು ಒಂದೇ: ಸಿಗರೇಟು ಸೇದುತ್ತೀಯಾ? ಆದರೆ ಆ ಮನೆಯಲ್ಲಿ ಎರಡು ವರ್ಷ ಇದ್ದರೂ ಪಕ್ಕದವರು ನನ್ನ ಹೆಸರು ಕೇಳಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಬ್ಬಳೇ ತಿಂದೆ. ಪಟ್ಟಣದ ಕನ್ನಡ ಕೂಟಕ್ಕೆ ಒಮ್ಮೆ ಹೋದೆ. ಬೆಂಗಳೂರಿನ ಒಬ್ಬಾಕೆ ನನ್ನ ಮಾತು ಕೇಳಿ, "ಅಯ್ಯೋ, ಇದು ಮರಾಠೀನಾ? ಎಷ್ಟು ಮುದ್ದಾಗಿದೆ!" ಎಂದಳು. ಮತ್ತೆ ಹೋಗಲಿಲ್ಲ.

ಕಳೆದ ಬೇಟೆಯ ಕಾಲದಲ್ಲಿ ಒಬ್ಬ ನಿವೃತ್ತ ಕರ್ನಲ್ ದೊಡ್ಡ ಕೊಂಬಿನ ಗಂಡು ಜಿಂಕೆ ತಂದ. ನಾನು ಕೊಟ್ಟಿದ್ದು ಏಳನೇ ತುಂಡಿನ ಚೀಟಿ. ಅವನ ಟ್ರಕ್ಕಿನ ಚಕ್ರಕ್ಕೆ ಮೆತ್ತಿದ್ದು ಬಿಳಿ ಮಣ್ಣು. ಆ ಮಣ್ಣು ಇರುವುದು ಟ್ಯಾಂಕುಗಳು ಓಡಾಡುವ ಹನ್ನೊಂದನೇ ತುಂಡಿನಲ್ಲಿ ಮಾತ್ರ. ಅಂದು ಅಲ್ಲಿ ಸೈನಿಕರು ಹುಲ್ಲಿನಲ್ಲಿ ಅಡಗಿ ಮಲಗುವ ತರಬೇತಿಯಲ್ಲಿದ್ದರು. ನಾನೇ ಅದನ್ನು ಮುಚ್ಚಿದ್ದೆ.

"ಎಲ್ಲಿ ಹೊಡೆದಿರಿ?" ಎಂದೆ.

"ಏಳರಲ್ಲಿ."

"ಈ ಮಣ್ಣು ಏಳರದಲ್ಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ನೀವು ಹಸು ಪೂಜಿಸುವ ದೇಶದವರಲ್ಲವೇ? ಸೊಪ್ಪು ತಿನ್ನುವವರಿಗೆ ಬೇಟೆಯ ಬಗ್ಗೆ ಏನು ಗೊತ್ತು?"

ಮಾಂಸ ತಿನ್ನುವವಳೆಂದು ಒಂದೂರಿನಲ್ಲಿ ಖೋಲಿ ಸಿಗಲಿಲ್ಲ, ಸೊಪ್ಪು ತಿನ್ನುವವಳೆಂದು ಇನ್ನೊಂದೂರಿನಲ್ಲಿ ಮರ್ಯಾದೆ ಸಿಗಲಿಲ್ಲ. ನನಗೆ ನಗು ಬಂತು. ನಗುತ್ತಲೇ ಅವನ ಪರವಾನಗಿ ಕಸಿದುಕೊಂಡೆ.

ಮೇಲಧಿಕಾರಿ ಒಳ್ಳೆಯವನು, ಅಂದರೆ ಯಾರಿಗೂ ಎದುರಾಡದವನು. "ಕರ್ನಲ್‌ಗೆ ಇಲ್ಲಿ ಬಹಳ ಗೌರವವಿದೆ. ಒಂದು ಎಚ್ಚರಿಕೆ ಕೊಟ್ಟು ಬಿಡೋಣ" ಎಂದ. ಹಾಗಾದರೆ ಎಚ್ಚರಿಕೆಯ ಕಾಗದಕ್ಕೆ ನೀವೇ ಸಹಿ ಮಾಡಿ ಎಂದೆ. ಅವನು ಪೆನ್ನು ಹುಡುಕುತ್ತ ಕೂತ. ನಾನು ವರದಿಯನ್ನು ನೇರವಾಗಿ ಸೈನ್ಯದ ಕಚೇರಿಗೆ ಕಳಿಸಿದೆ. ಕರ್ನಲ್‌ನ ಪರವಾನಗಿ ರದ್ದಾಯಿತು, ಕೊಂಬು ಜಪ್ತಾಯಿತು. ಮೇಲಧಿಕಾರಿ ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟ. ಆದರೆ ಒಂದು ಮಧ್ಯಾಹ್ನ ಆ ಸೈನಿಕರ ಮುಖ್ಯಸ್ಥೆ ಬಂದು, ಅಂದು ತನ್ನವರು ಮಲಗಿದ್ದ ಜಾಗವನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. ರಕ್ತದ ಜಾಡು ಹಿಡಿದು ಪತ್ತೆ ಮಾಡಿದ್ದ, ಜಿಂಕೆ ಬಿದ್ದ ಜಾಗಕ್ಕೂ ಅದಕ್ಕೂ ಎರಡೇ ಹೊಲದಷ್ಟು ದೂರ. ನನ್ನ ಕೈ ಕುಲುಕಿ ಹೋದಳು. ಆ ದೇಶದಲ್ಲಿ ನನ್ನನ್ನು ಯಾರೋ ಲೆಕ್ಕಕ್ಕೆ ತೆಗೆದುಕೊಂಡರು ಅನ್ನಿಸಿದ್ದು ಆವತ್ತೇ.

ಅದೇ ಚಳಿಗಾಲ ಊರಿಗೆ ಬಂದೆ. ಬೋರಾಮಣಿಗೆ ಹೋದಾಗ ಅಪ್ಪನ ತಂಗಿ ಶಾಂತತ್ತೆ ಮುಂಜಾನೆಯ ಬಿಸಿಲಿನಲ್ಲಿ ಜೋಳದ ಹೊಲ ಕಾಯುತ್ತಿದ್ದಳು. ಚಿಗರಿಗಳು ಒಂದು ಮೂಲೆಯನ್ನು ಆಗಲೇ ಬೋಳು ಮಾಡಿದ್ದವು. ಅಮೆರಿಕದಲ್ಲಿ ನಾವು ಜಿಂಕೆಗಳನ್ನು ಸೆಳೆಯಲೆಂದೇ ಜೋಳ ಬಿತ್ತಿಸುತ್ತೇವೆ. ಅದನ್ನು ಅತ್ತೆಗೆ ಹೇಳುವ ಧೈರ್ಯವಾಗಲಿಲ್ಲ.

"ಖರೇ ಹೇಳವಾ, ಅಲ್ಲೆ ಏನ್ ಕೆಲಸ ಮಾಡ್ತಿ ನೀ?" ಎಂದಳು.

"ಚಿಗರಿಯಂಥಾವ ಇರ್ತಾವಲ್ಲತ್ತಿ, ಅವನ್ನ ಹೊಡ್ಯಾಕ ಮಂದಿಗಿ ಚೀಟಿ ಕೊಡ್ತೀನಿ."

"ಹೊಲ ತಿಂತಾವೇನು?"

"ಇಲ್ಲ. ಹೌಸಿಗಿ ಹೊಡಿತಾರ."

ಹೌಸು ಎಂದರೆ ನಮ್ಮಲ್ಲಿ ಮೋಜು, ಖಯಾಲಿ. ಅತ್ತೆ ನನ್ನ ಮುಖವನ್ನೇ ನೋಡಿದಳು. "ಹೌಸಿಗಿ ಹೊಡಿಯವ್ರಿಗಿ ಚೀಟಿ ಕೊಡ್ತಿ. ಇಲ್ಲಿ ನನ್ನ ಹೊಲದ ಪೀಕ್ ತಿಂದ್ರೂ ನಾ ಒಂದ ಕಲ್ಲ ಒಗೀಬಾರ್ದು. ಇದೇನ ಕಾಯ್ದೆ ಅದ?"

ಇಲ್ಲಿ ತೋಳ ಉಳಿದಿವೆ, ಹುಲ್ಲುಗಾವಲು ಕಡಿಮೆ, ಚಿಗರಿಯೂ ಕಡಿಮೆ ಎಂದು ವಿವರಿಸಲು ಹೊರಟೆ. ಮಾತುಗಳು ಇಂಗ್ಲಿಷಿನಲ್ಲಿ ಬಂದವು, ಮರಾಠಿಯಲ್ಲಿ ಬಂದವು, ಕನ್ನಡದಲ್ಲಿ ಬರಲಿಲ್ಲ.

"ಹ್ವಾದ ವರ್ಷ ಇಬ್ರು ಜೀಪ್ ತಗೊಂಡು ಬಂದಿದ್ರು," ಎಂದಳು ಅತ್ತೆ. "ಯಕ್ಕಾ, ನಿನ್ನ ಹೊಲ ತಿನ್ನು ಚಿಗರಿ ಹೊಡದ ಕೊಡ್ತೀವಿ ಅಂದ್ರು. ಕುಡಗೋಲ ಹಿಡಕೊಂಡು ಬೆನ್ನ ಹತ್ತೀನಿ ನೋಡು!"

"ಯಾಕತ್ತಿ? ನಿನಗ ಚಲೋನೇ ಆಗ್ತಿತ್ತಲ್ಲ?"

"ಇವು ಹೊಟ್ಟಿಗಿ ಬರ್ತಾವ. ಅವ್ರು ಹೌಸಿಗಿ ಬಂದಿದ್ರು."

ಇಷ್ಟು ವರ್ಷ ನಾನು ಎಲ್ಲರನ್ನೂ ಅಳೆದು ಬಿಸಾಕುತ್ತ ಬಂದಿದ್ದೆ. ಅಂದು ಬದುವಿನ ಮೇಲೆ ಕೂತವಳಿಗೆ ನನ್ನದೇ ತೂಕ ಗೊತ್ತಾಯಿತು. ಅಷ್ಟರಲ್ಲಿ ಮೊಬೈಲಿಗೆ ಮೇಲಧಿಕಾರಿಯ ಸಂದೇಶ ಬಂತು: ನಾಳೆ ಯಾವ ತುಂಡು ಮುಚ್ಚಬೇಕು? ನಕ್ಷೆ ತೆರೆದು ಗುರುತು ಮಾಡತೊಡಗಿದೆ. ಅತ್ತೆ ಬಗ್ಗಿ ನೋಡಿದಳು.

"ಯಾರ ಹೊಲ ಇದು?"

"ನಮ್ದು," ಎಂದುಬಿಟ್ಟೆ.

ಅತ್ತೆ ತನ್ನ ಜೋಳದ ಕಡೆ ಕೈ ಮಾಡಿದಳು. "ಮತ್ತ ಇದು?"

ಚಿಗರಿಗಳು ಮತ್ತೆ ಹೊಲಕ್ಕೆ ಇಳಿದವು. ನಾನು ಎದ್ದು ಕೂಗುತ್ತ ಓಡಿದೆ. ಅವು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿದವು. ಹಿಂದಿನಿಂದ ಅತ್ತೆ ಒಮ್ಮೆ ಕೂಗಿದಳು. ಆಗ ಓಡಿದವು.